ಆಮೆ ಮುಖ ಮಾಡಿದ ಕಡೆ

ದೀಪಾವಳಿಗೆ ಮೊದಲು ಮನೆಗೆ ಸುಣ್ಣ ಬಳಿಯಬೇಕು. ವಡೋದರಾದ ಗೋರ್ವಾದಲ್ಲಿ ನಮ್ಮ ಚಾಳಿನ ಸಾಲುಮನೆಗಳಿಗೆ ಎಲ್ಲರೂ ಬಳಿಯುತ್ತಾರೆ, ನಾವೊಬ್ಬರೇ ಬಿಟ್ಟರೆ ಕೆಟ್ಟದಾಗಿ ಕಾಣುತ್ತದೆ. ಹೋದ ಭಾನುವಾರ ತಗಡಿನ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದೆ. ಕೊತಕೊತ ಕುದಿಯಿತು. ಆ ಬಿಸಿ ಹಬೆ, ಮೂಗಿನೊಳಗೆ ಉರಿಯುವ ಆ ವಾಸನೆ... ಹಿಂದೆ ಸರಿದು ನಿಂತೆ. ಕುದಿ ಇಳಿದ ಮೇಲೆ ಕೋಲಿನಲ್ಲಿ ತಿರುವಿದಾಗ ತಳದಲ್ಲಿ ಏನೋ ಗಟ್ಟಿ ತಾಗಿತು. ಸುಣ್ಣ ಸುಡುವ ಭಟ್ಟಿಯಲ್ಲಿ ಸರಿಯಾಗಿ ಬೇಯದ ಕಲ್ಲಿನ ಚೂರು. ಎತ್ತಿ ತೊಳೆದು ನೋಡಿದರೆ ಅದರ ಮೈತುಂಬ ಸವೆದ ನಾಣ್ಯದಂಥ ಬಿಲ್ಲೆಗಳು, ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು.

ಅಂಥ ಕಲ್ಲು ಎಲ್ಲಿಯದು ಎಂದು ನನಗೆ ಗೊತ್ತು. ಸೂರತ್ತಿನಿಂದ ಆಚೆ, ಗುಡ್ಡದ ಕಡೆ ಇರುವ ಸುಣ್ಣಕಲ್ಲಿನ ಕ್ವಾರಿಯದು. ಗುಜರಾತು ಬೇರೆ ರಾಜ್ಯವಾದ ಹೊಸತರಲ್ಲಿ ನಾನು ಅಲ್ಲಿ ಲಾರಿ ಓಡಿಸುತ್ತಿದ್ದೆ. ಅಲ್ಲಿದ್ದ ಮೇಸ್ತ್ರಿಯ ವಿಷಯ ಬರೆಯಬೇಕು ಎಂದು ಡ್ರಮ್ಮಿನ ಪಕ್ಕ ಕೂತಾಗಲೇ ಅನ್ನಿಸಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೇಸ್ತ್ರಿ ಬಾದಾಮಿ ಕಡೆಯವನು. ಬಂಡೆಗೆ ಮದ್ದು ತುಂಬಿ ಹಾರಿಸುವುದು ಅವನ ಕೆಲಸ. ಸಿಡಿಮದ್ದಿನ ಸದ್ದಿಗೆ ಒಂದು ಕಿವಿ ಹೋಗಿತ್ತು, ಅದಕ್ಕೇ ಮಾತಾಡುವಾಗ ತಲೆ ಓರೆ ಮಾಡುತ್ತಿದ್ದ. ಕ್ವಾರಿಯಲ್ಲಿ ಕನ್ನಡ ಬರುವವರು ಅವನು, ಅವನ ತಮ್ಮನ ಹೆಂಡತಿ, ಆಮೇಲೆ ನಾನು. ನಾನು ಕುಂದಾಪುರದ ಕಡಲಿನ ಕಡೆಯವನು. ನನ್ನ ಕನ್ನಡ ಕೇಳಿದರೆ ಅವನಿಗೆ ನಗು. "ನೀ ಮಾತಾಡೂದು ಕನ್ನಡ ಹೌದೋ ಅಲ್ಲೋ ತಮ್ಮಾ, ಅರ್ಧಾ ಮಾತು ನುಂಗೇ ಬಿಡ್ತಿ" ಎನ್ನುತ್ತಿದ್ದ. ಅರ್ಧ ಕಿವುಡ ಬೇರೆ. ನಾನು ಕೂಗಿ ಕೂಗಿ ಮಾತಾಡಬೇಕಿತ್ತು.

ತಮ್ಮನೂ ಅಲ್ಲೇ ಕೆಲಸಕ್ಕಿದ್ದನಂತೆ. ನಾನು ಸೇರುವ ಹೊತ್ತಿಗೆ ಸತ್ತು ಹೋಗಿದ್ದ. ಬತ್ತಿ ಹಚ್ಚಿದ ಕುಳಿಗಳಲ್ಲಿ ಒಂದು ಸಿಡಿದಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಬತ್ತಿ ಆರಿದೆಯೋ ನೋಡಿ ಬಾ ಎಂದು ಮೇಸ್ತ್ರಿ ತಮ್ಮನನ್ನು ಕಳಿಸಿದ. ಅವನು ಬಗ್ಗಿ ನೋಡುವಾಗ ಸಿಡಿಯಿತು. ಅವತ್ತಿನಿಂದ ತಮ್ಮನ ಹೆಂಡತಿ ಮೇಸ್ತ್ರಿಯ ಜೊತೆ ಮಾತು ಬಿಟ್ಟಳು. ಊರಿಗೂ ಹೋಗಲಿಲ್ಲ. ಅದೇ ಕ್ವಾರಿಯಲ್ಲಿ ಭಟ್ಟಿಗೆ ಕಲ್ಲು ಹೊತ್ತಳು. ಮಧ್ಯಾಹ್ನ ಜೋಳದ ರೊಟ್ಟಿ ತಂದು ಮೇಸ್ತ್ರಿಯಿಂದ ದೂರದ ಒಂದು ಕಲ್ಲಿನ ಮೇಲೆ ಇಟ್ಟು, ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದಳು. ಅವನು ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದ. ಒಮ್ಮೆ ನಾನು, ನೀನೇ ಕರೆದು ಮಾತಾಡಿಸಬಾರದಾ ಎಂದೆ. "ಏನಂತ ಮಾತಾಡಿಸಲಿ?" ಎಂದ. ಅಷ್ಟೇ. ಆಮೇಲೆ ಬತ್ತಿಗೆ ಬೆಂಕಿ ಇಡುವುದು, ಸಿಡಿಯದ ಕುಳಿ ನೋಡುವುದು ಎಲ್ಲ ಅವನೇ. ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ತಮ್ಮ ಸತ್ತ ಹಳೇ ಗುಂಡಿ ಪಶ್ಚಿಮಕ್ಕೆ. ಪೂರ್ವಕ್ಕೆ ಗುಡ್ಡ. ನಡುವೆ ಒಂದು ಹರವಾದ ಜಾಗ, ಅದರ ಮೇಲಿನ ಮಣ್ಣು ತೆಗೆದು ಹೊಸ ಕಲ್ಲು ಒಡೆಯಲು ಶೇಠ್ ಹೇಳಿದ್ದ. ಶೇಠ್ ಎಂದರೆ ಕ್ವಾರಿಯ ಮಾಲೀಕ. ಮಣ್ಣು ಸರಿಸಿದಾಗ ಕೆಳಗೆ ಚಪ್ಪಟೆ ಬಂಡೆ ಬಂತು. ಅದರಲ್ಲಿ ನೆಟ್ಟಗೆ ಅಡ್ಡ ಉದ್ದ ಬಿರುಕು, ಯಾರೋ ಚಪ್ಪಡಿ ಹಾಸಿದ ಹಾಗೆ. ಆ ಹಾಸಿನ ನಡುವೆ ಉಬ್ಬಿಕೊಂಡು ಒಂದು ಆಮೆ ಇತ್ತು. ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲ. ಬೆನ್ನಿನ ಮೇಲೆ ಹೆಂಚು ಜೋಡಿಸಿದಂಥ ಗೆರೆಗಳು ಸ್ಪಷ್ಟ. ತಲೆ ಕಾಲು ಇರಲಿಲ್ಲ. ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರಾಗಿ ಮೊನೆಯ ಹಾಗೆ.

ಮೇಸ್ತ್ರಿ ಹಾರೆ ಕೆಳಗಿಟ್ಟ. ಚಪ್ಪಲಿ ಬಿಟ್ಟ. ನನ್ನನ್ನು ಲಾರಿಯಿಂದ ಇಳಿಸಿ ಕರೆದುಕೊಂಡು ಹೋಗಿ ತೋರಿಸಿದ.

"ನೋಡ್ದೇನೋ? ಗುಡಿ ನೆಲದಾಗ ಇರತೈತಲ್ಲ, ಆಮಿ. ಅದ ಇದು."

ಅವನ ಊರ ಕಡೆ ಹಳೆ ಗುಡಿಗಳಲ್ಲಿ ಗರ್ಭಗುಡಿಯ ಮುಂದೆ ನೆಲದ ಕಲ್ಲಿನಲ್ಲಿ ಆಮೆ ಕೆತ್ತಿರುತ್ತಾರೆ. ಚಿಕ್ಕಂದಿನಿಂದ ಅದನ್ನು ದಾಟದೆ ಸುತ್ತಿ ಹೋದವನು ಅವನು. ಅವನ ಕಣ್ಣಿಗೆ ಬೇರೇನೂ ಕಾಣಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಬೇರೆ. ನಮ್ಮಲ್ಲಿ ಆಮೆ ಎಂದರೆ ಬಲೆ ಹರಿಯುವ ಪ್ರಾಣಿ. ಸತ್ತ ಆಮೆ ಮರಳಿನ ಮೇಲೆ ಬಿದ್ದು, ನಾಯಿ ತಿಂದು, ಚಿಪ್ಪು ಮಾತ್ರ ಉಳಿದದ್ದನ್ನು ಬೇಕಷ್ಟು ನೋಡಿದ್ದೇನೆ.

"ಮೇಸ್ತ್ರಿ, ಇದ್ ಕೆತ್ತಿದ್ ಅಲ್ಲ. ಚಿಪ್ಪು ಇದ್" ಎಂದು ಕೂಗಿದೆ.

"ಚಿಪ್ಪು ಕಲ್ಲಾಗತೈತೇನಲೇ? ಸಮುದ್ರ ಎಲ್ಲೈತಿ, ಗುಡ್ಡ ಎಲ್ಲೈತಿ. ನಿಮ್ಮೂರಾಗ ಎಲ್ಲಾ ಮೀನಾಗೇ ಕಾಣ್ತಾವ ನಿಮಗ."

ಆ ಬಿಲ್ಲೆ ಬಿಲ್ಲೆಯ ಕಲ್ಲನ್ನು ಅವನು ವರ್ಷಗಟ್ಟಲೆ ಒಡೆದಿದ್ದ. ಅವತ್ತು ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು, "ಇವು ಕಾಣಿಕಿ ರೊಕ್ಕ ತಮ್ಮಾ. ಇಷ್ಟ ದಿನ ದೇವರ ಕಾಣಿಕಿ ಸುಟ್ವಿ ನಾವು" ಎಂದ.

ಭಾನುವಾರ ನಾವಿಬ್ಬರೂ ಸೂರತ್ತಿಗೆ ಹೋಗಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ತಿನ್ನುತ್ತಿದ್ದೆವು. ಹೋಟೆಲಿನ ಭಟ್ಟರು ನಮ್ಮ ಕಡೆಯವರು, ಮಾತಾಡಿಸದೆ ಬಿಡುವವರಲ್ಲ.

"ಎಂತ ಮೇಸ್ತ್ರಿಯರೇ, ಇವತ್ತ್ ಮೋರೆ ಮೇಲೆ ಹಬ್ಬ ಕಾಣ್ತಾ ಇತ್ತಲೆ?"

"ಗುಡಿ ಸಿಕ್ಕೈತ್ರಿ ಭಟ್ರ."

"ಗುಡಿಯಾ? ಆ ಸುಣ್ಣದ ಗುಂಡಿ ಒಳಗಾ?"

"ಆಮಿ ಸಿಕ್ಕೈತಿ. ಆಮಿ ಇದ್ದಲ್ಲಿ ದೇವ್ರು ಇರಬೇಕಲ್ರಿ."

ಭಟ್ಟರು ಲೋಟ ಒರೆಸುವುದನ್ನು ನಿಲ್ಲಿಸಿದರು. "ಅದ್ ಹೌದ್. ಇಲ್ಲಿಯವರ ಶಿವನ ಗುಡಿಯಲ್ಲೂ ಇತ್ತ್, ನಂದಿ ಮುಂದೆ. ಆಮೆ ಯಾವಾಗ್ಲೂ ದೇವ್ರ ಕಡೆಗೇ ಮುಖ ಮಾಡಿ ಇಪ್ಪುದ್." ಆಮೇಲೆ ತಮಾಷೆಗೆ, "ಗುಡಿ ಸಿಕ್ರೆ ಹೇಳಿ, ಪೂಜೆಗೆ ನಾನೇ ಬತ್ತೆ. ಇಡ್ಲಿ ಹಿಟ್ಟ್ ರುಬ್ಬಿ ರುಬ್ಬಿ ಸಾಕಾಯ್ತ್" ಎಂದರು.

ತಮಾಷೆ ಮೇಸ್ತ್ರಿಯ ಕಿವಿಗೆ ಬೀಳಲಿಲ್ಲ. ಮೊದಲ ಮಾತು ಬಿದ್ದಿತ್ತು. ವಾಪಸು ಬರುವಾಗ ಲಾರಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಅವನು ಹಾಗೆ ಹೇಳಿದ್ದು ಅದೊಂದೇ ಸಲ.

"ನನ್ನ ತಮ್ಮ ನಾಯಿ ಸತ್ತಂಗ ಗುಂಡ್ಯಾಗ ಸತ್ತ ಅಂತ ಆಕಿ ತಲ್ಯಾಗ ಐತಿ. ಅಲ್ಲಿ ಗುಡಿ ಇತ್ತಂದ್ರ ಅಂವ ದೇವರ ಮುಂದ ಸತ್ತಂಗಾತು. ಹೌದಿಲ್ಲೋ? ಆಕಿಗೆ ತೋರಿಸಬೇಕು. ತೋರಿಸಿದ್ರ ಒಂದ ಮಾತು ಆಡ್ಯಾಳು."

ನಾನು ಗೇರ್ ಬದಲಿಸಿದೆ.

ಸಪೂರಾದ ಮೊನೆ ಗುಡ್ಡದ ಕಡೆ ಇತ್ತು. ಅದೇ ತಲೆ ಎಂದು ಮೇಸ್ತ್ರಿ ಲೆಕ್ಕ ಹಾಕಿದ. ಹಾಗಾದರೆ ದೇವರು ಗುಡ್ಡದ ಒಳಗೆ. ಕೆಲಸ ಮುಗಿದ ಮೇಲೆ ಸಂಜೆ ಬೆಳಕಿರುವ ತನಕ ಗುಡ್ಡದ ಬುಡವನ್ನು ಅಗೆಯತೊಡಗಿದ. ಬುಡದಲ್ಲಿ ಹಳದಿ ಜೇಡಿಮಣ್ಣು, ಬೆಣ್ಣೆಯ ಹಾಗೆ ಬರುತ್ತಿತ್ತು. ಅದರ ಮೇಲೆ ಕಲ್ಲಿನ ದಪ್ಪ ಪದರ. ಮಣ್ಣು ತೆಗೆದಷ್ಟೂ ಮೇಲಿನ ಕಲ್ಲು ಸೂರಿನ ಹಾಗೆ ಚಾಚಿ ನಿಂತಿತು. ಆ ಕಲ್ಲಿಗೆ ಕೆಳಗಿನಿಂದ ಮರದ ಆಧಾರ ಕೊಡು ಎಂದೆ. ಮರ ಎಲ್ಲೈತಿ ಎಂದ. ಕಲ್ಲಿನ ಕೆಲಸದಲ್ಲಿ ಅವನಿಗಿಂತ ನನಗೆ ಹೆಚ್ಚು ಗೊತ್ತಿರಲಿಲ್ಲ. ಆದರೂ ಬೇರೆಯವರು ಹಾಗೆ ಅಗೆದಿದ್ದರೆ ಅವನೇ ಕಾಲರ್ ಹಿಡಿದು ಹೊರಗೆ ಎಳೆಯುತ್ತಿದ್ದ.

ಸುದ್ದಿ ಹಬ್ಬಿತು. ಗುಜರಾತಿ ಕೂಲಿಯವರೂ ಬಂದು ಆಮೆಯ ಬೆನ್ನಿಗೆ ಸಿಂಧೂರ ಹಚ್ಚಿದರು, ತೆಂಗಿನಕಾಯಿ ಒಡೆದರು. ಶೇಠ್‌ಗೆ ತಲೆಬಿಸಿಯಾಯಿತು. ಆ ಹಾಸನ್ನು ಒಡೆಯಲು ಯಾರೂ ಕೈ ಹಾಕುತ್ತಿಲ್ಲ, ಭಟ್ಟಿಗೆ ಕಲ್ಲಿಲ್ಲ. "ದೇವರಿದ್ದರೆ ಭಟ್ಟಿಗೆ ಅವನೇ ಕಲ್ಲು ಹಾಕಲಿ" ಎಂದು ಹಿಂದಿಯಲ್ಲಿ ಬೈದ. ಆದರೆ ಸಿಂಧೂರ ಹಚ್ಚಿದ ಕಲ್ಲಿಗೆ ಮದ್ದು ಇಡು ಎಂದು ಹೇಳುವ ಧೈರ್ಯ ಅವನಿಗೂ ಇರಲಿಲ್ಲ. ವಡೋದರಾದಿಂದ ಕಲ್ಲಿನ ಪಾಠ ಹೇಳುವ ಕಾಲೇಜಿನ ಮೇಷ್ಟ್ರೊಬ್ಬರನ್ನು ಕರೆಸಿದ.

ಮೇಷ್ಟ್ರು ಗುಜರಾತಿಯವರು, ವಯಸ್ಸಾದವರು, ಒಳ್ಳೆಯವರು. ಆಮೆಯನ್ನು ಕಂಡು ಮಗುವಿನ ಹಾಗೆ ನೆಲಕ್ಕೆ ಕೂತುಬಿಟ್ಟರು. ಬ್ರಷ್ಷಿನಲ್ಲಿ ಸಿಂಧೂರ ಒರೆಸಿ, ಭೂತಗನ್ನಡಿ ಹಿಡಿದು ನೋಡಿದರು. ಇದು ಯಾರೂ ಕೆತ್ತಿದ್ದಲ್ಲ, ನಿಜವಾದ ಆಮೆ, ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಹಿಂದಿನದು ಎಂದರು. ಆಗ ಇಲ್ಲಿ ಸಮುದ್ರದ ಅಂಚು, ಆಳವಿಲ್ಲದ ಬೆಚ್ಚಗಿನ ನೀರು. ಬಿಲ್ಲೆಗಳೂ ನಾಣ್ಯವಲ್ಲ, ಸಮುದ್ರದ ಒಂದು ಸಣ್ಣ ಜೀವಿಯ ಚಿಪ್ಪು. ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೇಳಿದ್ದೇ ಸರಿ ಎಂದಾಯಿತು, ಅದರಿಂದ ನನಗೆ ಏನೂ ಖುಷಿಯಾಗಲಿಲ್ಲ.

ಮೇಸ್ತ್ರಿ ಹಿಂದಿಯಲ್ಲಿ ಕೇಳಿದ, ಇದು ಹೇಗೆ ಸತ್ತಿತು?

ಅದು ಹೇಳುವುದು ಕಷ್ಟ, ಸತ್ತ ಮೇಲೆ ಕೆಸರು ಮುಚ್ಚಿಕೊಂಡಿತು, ಅದಕ್ಕೇ ಉಳಿಯಿತು ಎಂದರು ಮೇಷ್ಟ್ರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಪಾಠ ಹೇಳುವವರಿಗೆ ನಿಲ್ಲಿಸಲು ಬರುವುದಿಲ್ಲ. ಅಗಲ ಇರುವ ಕಡೆ ಕೈಯಿಟ್ಟು, ಇದು ಕುತ್ತಿಗೆ ಹೊರಬರುವ ಜಾಗ, ಸಪೂರು ಇರುವುದು ಬಾಲದ ಕಡೆ ಎಂದು ತೋರಿಸಿದರು.

ಮೇಸ್ತ್ರಿ ಒಳ್ಳೆಯ ಕಿವಿಯನ್ನು ಅವರ ಕಡೆ ತಿರುಗಿಸಿ ಇನ್ನೊಮ್ಮೆ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ಅಗಲದ ಕಡೆ ತಿರುಗಿ ನೋಡಿದ. ಅಗಲದ ಕಡೆ ಇದ್ದದ್ದು ಹಳೇ ಗುಂಡಿ. ಅವನೇ ವರ್ಷಗಟ್ಟಲೆ ಮದ್ದು ಇಟ್ಟು ಹಾರಿಸಿದ ಗುಂಡಿ, ತಮ್ಮ ಸತ್ತ ಗುಂಡಿ. ಆಮೆ ದೇವರ ಕಡೆ ನೋಡುತ್ತದೆ ಎನ್ನುವುದಾದರೆ ಗುಡಿ ಇದ್ದದ್ದು ಅಲ್ಲಿ. ಅದನ್ನು ಚೂರು ಚೂರು ಮಾಡಿ ಭಟ್ಟಿಗೆ ಹಾಕಿದ್ದು ಅವನೇ... ಅವನ ತಲೆಯಲ್ಲಿ ಅದು ಓಡಿದ್ದು ನನಗೆ ಕಂಡಿತು.

"ಮಾಸ್ತರಗ ಏನ ತಿಳೀತೈತಿ" ಎಂದ ಕನ್ನಡದಲ್ಲಿ, ನನಗೊಬ್ಬನಿಗೆ. "ಬಾಲ ಅಲ್ಲದು. ತಲೀನ ಅದು."

"ಮೇಸ್ತ್ರಿ, ಗುಡಿಯೇ ಇಲ್ಲ ಅಂಬ್ರಲೆ ಅವ್ರ್. ತಲೆಯಾದ್ರೆಂತ, ಬಾಲ ಆದ್ರೆಂತ?"

"ಬಾಯಿ ಮುಚ್ಚು" ಎಂದ. ಅವನು ನನಗೆ ಹಾಗೆ ಯಾವತ್ತೂ ಅಂದಿರಲಿಲ್ಲ.

ಆಮೆಯನ್ನು ಹುಷಾರಾಗಿ ಬಿಡಿಸಲು ಸೋಮವಾರ ಪ್ಲಾಸ್ಟರು, ಗೋಣಿ ತರುತ್ತೇನೆ ಎಂದು ಮೇಷ್ಟ್ರು ಹೇಳಿ ಹೋದರು. ಆಮೆ ಹೋದ ತಕ್ಷಣ ಹಾಸು, ಗುಡ್ಡದ ಬುಡ ಎಲ್ಲಕ್ಕೂ ಮದ್ದು ಇಡಬೇಕು ಎಂದು ಶೇಠ್ ಹೇಳಿದ. ಅಂದರೆ ಮೇಸ್ತ್ರಿಗೆ ಉಳಿದದ್ದು ಭಾನುವಾರ ಒಂದೇ.

ಭಾನುವಾರ ನಾನೊಬ್ಬನೇ ಸೂರತ್ತಿಗೆ ಹೋಗಿ ಅವನಿಗೆ ಇಡ್ಲಿ ಕಟ್ಟಿಸಿಕೊಂಡು ಮಧ್ಯಾಹ್ನಕ್ಕೆ ಬಂದೆ. ಅವನು ಬೆಳಗಿನಿಂದ ಗುಡ್ಡದ ಬುಡದಲ್ಲಿ ತಾನು ಅಗೆದ ಬಿಲದ ಒಳಗಿದ್ದ. ಮಣ್ಣು ಹೊರಗೆ ಬಂದು ಬೀಳುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ಕೂಗಿದೆ, ಅವನಿಗೆ ಕೇಳಲಿಲ್ಲ. ಅಷ್ಟರಲ್ಲಿ ತಮ್ಮನ ಹೆಂಡತಿ ರೊಟ್ಟಿ ತಂದಳು. ಯಾವಾಗಿನ ಹಾಗೆ ಕಲ್ಲಿನ ಮೇಲೆ ಇಟ್ಟಳು. ಹೊರಟವಳು ನಿಂತಳು. ಮೇಲೆ ನೋಡುತ್ತಿದ್ದಳು. ನಾನೂ ನೋಡಿದೆ. ಚಾಚಿದ ಕಲ್ಲಿನ ಹಿಂದೆ ಬಿರುಕಿನಿಂದ ಸಣ್ಣ ಮಣ್ಣು ಸುರಿಯುತ್ತಿತ್ತು, ಹಿಟ್ಟು ಜರಡಿ ಹಿಡಿದ ಹಾಗೆ.

ಅವಳು ಬಿಲದ ಬಾಯಿಗೆ ಓಡಿದಳು.

"ಬಾವಾರ! ಹೊರಗ ಬರ್ರಿ! ಮಣ್ಣು ಉದರಾಕ ಹತ್ತೈತಿ, ಬರ್ರಿ ಹೊರಗ!"

ನನ್ನ ಕೂಗು ಕೇಳದವನಿಗೆ ಅವಳ ಕೂಗು ಕೇಳಿತು. ಅವನ ತಲೆ ಹೊರಗೆ ಬಂತು. ಮೈಯೆಲ್ಲ ಹಳದಿ ಮಣ್ಣು, ಕಣ್ಣು ಮಾತ್ರ ಕಾಣುತ್ತಿತ್ತು. ಅವಳನ್ನು ನೋಡಿದ. ಮೇಲೆ ನೋಡಲೇ ಇಲ್ಲ. ನಕ್ಕ. ನಾನು ಅವನ ಹಲ್ಲು ಪೂರ್ತಿ ನೋಡಿದ್ದು ಅವತ್ತೇ.

"ಮಾತಾಡ್ದೇನವಾ?" ಎಂದ. "ತಡಿ, ಹಾರಿ ಒಳಗೈತಿ. ತಗೊಂಡ ಬಂದೆ."

ತಿರುಗಿ ಒಳಗೆ ಹೋದ. ಆಯುಧ ಬಿಟ್ಟು ಬರುವ ಅಭ್ಯಾಸ ಕಲ್ಲಿನ ಕೆಲಸದವರಿಗೆ ಇಲ್ಲ.

ಸದ್ದು ದೊಡ್ಡದೇನೂ ಆಗಲಿಲ್ಲ. ಸಿಡಿಮದ್ದಿನ ಸದ್ದು ಕೇಳಿ ಕೇಳಿ ಅಭ್ಯಾಸವಾದ ನಮಗೆ ಅದು ಏನೂ ಅಲ್ಲ. ಧಪ್ ಎಂದು ಕೂತಿತು, ಅಷ್ಟೇ. ಧೂಳು ಇಳಿದಾಗ ಬಿಲ ಇರಲಿಲ್ಲ. ಜ್ಯಾಕಿ ತಂದು, ಹಾರೆ ಹಾಕಿ, ಕಲ್ಲು ಸರಿಸುವಷ್ಟರಲ್ಲಿ ಕತ್ತಲಾಯಿತು. ಹಾರೆ ಅವನ ಕೈಯಲ್ಲೇ ಇತ್ತು. ಬೇರೆ ಬರೆಯುವುದಿಲ್ಲ. ಅವನು ಅಗೆದ ಜಾಗದ ಕೊನೆಯ ತನಕ ನಾನು ಕಂದೀಲು ಹಿಡಿದು ನೋಡಿದೆ. ಜೇಡಿಮಣ್ಣು, ಅದರಲ್ಲಿ ಚಿಪ್ಪುಗಳು. ಕೆತ್ತಿದ ಕಲ್ಲು ಒಂದೂ ಇರಲಿಲ್ಲ.

ಉರುಳಿದ ಬಂಡೆ ಆಮೆಯ ಮೇಲೂ ಬಿದ್ದು ಅದು ಎರಡಾಗಿತ್ತು. ಸೋಮವಾರ ಮೇಷ್ಟ್ರು ಬಂದರು. ವಿಷಯ ಕೇಳಿ ಚೀಲ ಕೆಳಗಿಟ್ಟರು. ಆಮೇಲೆ ಅಗಲದ ಅರ್ಧವನ್ನು ಪ್ಲಾಸ್ಟರು ಹಚ್ಚಿ ಗೋಣಿಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಸಪೂರಿನ ಅರ್ಧ ಪುಡಿ ಕಲ್ಲುಗಳ ಜೊತೆ ಎಲ್ಲಿ ಸೇರಿತೋ ಹುಡುಕಿದರೂ ಸಿಗಲಿಲ್ಲ. ಶೇಠ್ ಕಲ್ಲು ಬಿಡುವವನಲ್ಲ. ಮೇಸ್ತ್ರಿಯ ಮೇಲೆ ಬಿದ್ದ ಬಂಡೆಯನ್ನೂ ಒಡೆಸಿ ಅದೇ ವಾರ ಭಟ್ಟಿಗೆ ಹಾಕಿಸಿದ. ಸುಣ್ಣ ಸೂರತ್ತಿಗೆ, ವಡೋದರಾಕ್ಕೆ, ಅಹಮದಾಬಾದಿಗೆ ಹೋಯಿತು. ಲಾರಿ ಓಡಿಸಿದವನು ನಾನೇ.

ತಮ್ಮನ ಹೆಂಡತಿಯನ್ನು ಊರಿಗೆ ಕಳಿಸಲು ನಾನೇ ಸೂರತ್ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಹೋಟೆಲಿನ ಭಟ್ಟರು ದಾರಿಗೆ ಅವಲಕ್ಕಿ ಕಟ್ಟಿಕೊಟ್ಟರು, ಅವತ್ತು ಒಂದು ತಮಾಷೆಯೂ ಮಾಡಲಿಲ್ಲ. ಗಾಡಿ ಬರುವ ತನಕ ಅವಳು ಗಂಟಿನ ಮೇಲೆ ಕೂತಿದ್ದಳು. ಗಾಡಿಯ ಸಿಳ್ಳೆ ಕೇಳಿದ ಮೇಲೆ ಬಾಯಿಬಿಟ್ಟಳು.

"ಅಣ್ಣಾ, ಒಳಗ ಗುಡಿ ಇತ್ತೇನು?"

"ಇಲ್ಲ ಅಕ್ಕ" ಎಂದೆ. ಸುಳ್ಳು ಹೇಳಲು ನನಗೆ ಹೊಳೆಯಲಿಲ್ಲ.

"ಮತ್ತ ಅವರು ಯಾಕ ನಕ್ಕರು?"

"ನೀವ್ ಮಾತಾಡಿದ್ರಿ ಅಂತ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಾಡಿ ಹತ್ತಿದ ಮೇಲೂ ತೆಗೆಯಲಿಲ್ಲ. ಅವಳು ಆಮೇಲೆ ಏನಾದಳೋ ನನಗೆ ಗೊತ್ತಿಲ್ಲ. ಆ ಕ್ವಾರಿ ಬಿಟ್ಟು ನಾನು ವಡೋದರಾಕ್ಕೆ ಬಂದೆ, ಈಗ ಫ್ಯಾಕ್ಟರಿಯ ಟೆಂಪೋ ಓಡಿಸುತ್ತೇನೆ. ಒಮ್ಮೆ ಸಾಮಾನು ಇಳಿಸಲು ಆ ಮೇಷ್ಟ್ರ ಕಾಲೇಜಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಅರ್ಧ ಆಮೆ ಇಟ್ಟಿದ್ದಾರೆ. ಚೆನ್ನಾಗಿ ತೊಳೆದಿದ್ದಾರೆ, ಆದರೂ ಗೆರೆಗಳ ಸಂದಿಯಲ್ಲಿ ಸ್ವಲ್ಪ ಸಿಂಧೂರ ಉಳಿದಿದೆ. ಕುತ್ತಿಗೆಯ ಕಡೆ ಗೋಡೆಗೆ ಮುಖ ಮಾಡಿದೆ. ಬರೀ ಗೋಡೆ, ಸುಣ್ಣ ಬಳಿದದ್ದು...

"ಎಂತ ಕಾಣ್ತಾ ಕೂಕಂಡಿದ್ರಿ? ಸುಣ್ಣ ಗಟ್ಟಿ ಆತ್ತ್" ಎಂದು, ಹೋದ ಭಾನುವಾರ ಡ್ರಮ್ಮಿನ ಪಕ್ಕ ಇದನ್ನೆಲ್ಲ ನೆನೆಯುತ್ತಾ ಕೂತಿದ್ದ ನನ್ನನ್ನು ಹೆಂಡತಿ ಒಳಗಿನಿಂದ ಕೂಗಿದಳು. ಕಲ್ಲಿನ ಚೂರನ್ನು ಕಿಸೆಗೆ ಹಾಕಿಕೊಂಡು ಎದ್ದೆ. ಮೊದಲ ಕೈ ಬಳಿದೆ. ಹಸಿ ಇರುವಾಗ ಗೋಡೆ ಬೂದು ಬಣ್ಣ ಕಾಣುತ್ತದೆ, ಒಣಗುತ್ತಾ ಬಂದಂತೆ ಬೆಳ್ಳಗಾಗುತ್ತದೆ. ನೋಡುತ್ತಾ ನಿಂತೆ. ಬೆಳ್ಳಗಾಯಿತು. ಎರಡನೇ ಕೈ ನನ್ನಿಂದ ಆಗಲಿಲ್ಲ. ಬ್ರಷ್ಷು ಅವಳ ಕೈಗೆ ಕೊಟ್ಟು ಹೊರಗೆ ಬಂದೆ.